ಒಂದೇ ಪದರದ ಗೋಡೆ, ಏಳು ಸಾವಿರ ಕೋಟಿ ಕೋಳಿ

ಮೊಟ್ಟೆಯೊಡೆದು ಹೊರಬಂದ ಬ್ರಾಯ್ಲರ್ ಮರಿಯ ತೂಕ ಸುಮಾರು 42 ಗ್ರಾಂ. ಮೊದಲ ವಾರ ಮುಗಿಯುವ ಹೊತ್ತಿಗೆ ಅದು ನಾಲ್ಕು ಪಟ್ಟಾಗಿರುತ್ತದೆ. ಐದು ವಾರ ಕಳೆಯುವಷ್ಟರಲ್ಲಿ ಎರಡು ಕೆಜಿ, ಅಂದರೆ ಹುಟ್ಟಿದ ದಿನದ 48 ಪಟ್ಟು. ಐದನೇ ವಾರದಲ್ಲಿ ದಿನಕ್ಕೆ 90 ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಮೈಗೂಡುತ್ತದೆ. ಹುಟ್ಟುವಾಗ ಇಡೀ ಮರಿ ಎಷ್ಟು ತೂಗುತ್ತಿತ್ತೋ ಅದರ ಎರಡರಷ್ಟನ್ನು ಒಂದೇ ಹಗಲು ರಾತ್ರಿಯಲ್ಲಿ ಅದು ತನ್ನ ಮೈಗೆ ಸೇರಿಸಿಕೊಳ್ಳುತ್ತದೆ.

ಕೋಳಿ ಹಿಂದಿನಿಂದಲೂ ಹೀಗಿರಲಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 1978ರ ತಳಿಗಳನ್ನು ಬದಲಾಗದಂತೆ ಕಾಪಾಡಿಕೊಂಡು ಬಂದಿದ್ದರು. ಅವುಗಳನ್ನು 2005ರ ವಾಣಿಜ್ಯ ತಳಿಯ ಜೊತೆಗೆ ಒಂದೇ ಬಗೆಯ ಆಹಾರ ಹಾಕಿ ಬೆಳೆಸಿ, 56ನೇ ದಿನ ತೂಗಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 1957ರ ತಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿಬರುವ ‘ಹಾರ್ಮೋನ್ ಇಂಜೆಕ್ಷನ್’ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಮೂರಕ್ಕೂ ಹಾಕಿದ್ದು ಒಂದೇ ಆಹಾರ. ಬೇರೆಯಾಗಿದ್ದದ್ದು ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ತಳಿ ಮಾತ್ರ.

ಈ ಒಂದು ಹಕ್ಕಿಯನ್ನು ಈಗ ಲೋಕದ ಲೆಕ್ಕಕ್ಕೆ ಗುಣಿಸಿ ನೋಡಿ. ಜಗತ್ತಿನಲ್ಲಿ ವರ್ಷಕ್ಕೆ ಮಾಂಸಕ್ಕಾಗಿ ಕಡಿಯುವ ಕೋಳಿಗಳು 7,000 ಕೋಟಿಗೂ ಹೆಚ್ಚು. ಸೆಕೆಂಡಿಗೆ 2,200 ಎಂದಾಯಿತು. ನಮ್ಮ ದೇಶದ 2019ರ ಜಾನುವಾರು ಗಣತಿಯಲ್ಲಿ ಸಿಕ್ಕ ಕೋಳಿ ಮತ್ತಿತರ ಸಾಕುಹಕ್ಕಿಗಳು 85.18 ಕೋಟಿ. ಅವುಗಳಲ್ಲಿ 53 ಕೋಟಿಗೂ ಹೆಚ್ಚು ಫಾರಂಗಳಲ್ಲಿ, ಉಳಿದವು ಹಿತ್ತಿಲಲ್ಲಿ. 2023-24ರಲ್ಲಿ ಭಾರತದ ಕೋಳಿಗಳು ಇಟ್ಟ ಮೊಟ್ಟೆ 14,277 ಕೋಟಿ, ಸೆಕೆಂಡಿಗೆ ಹೆಚ್ಚುಕಡಿಮೆ 4,500. ಮೊಟ್ಟೆ ಉತ್ಪಾದನೆಯಲ್ಲಿ ಕರ್ನಾಟಕ ಮೊದಲ ಐದು ರಾಜ್ಯಗಳಲ್ಲಿದೆ.

ಇಷ್ಟೆಲ್ಲ ಮಾಂಸ, ಇಷ್ಟೆಲ್ಲ ಮೊಟ್ಟೆ ದಾಟಿ ಬರಬೇಕಾದ ಬಾಗಿಲು ಒಂದೇ. ಅದು ಕೋಳಿಯ ಸಣ್ಣ ಕರುಳಿನ ಒಳಗೋಡೆ. ಬೆಳೆದ ಬ್ರಾಯ್ಲರಿನ ಸಣ್ಣ ಕರುಳನ್ನು ಬಿಡಿಸಿ ಚಾಚಿದರೆ ಒಂದೂವರೆ ಮೀಟರಿನಷ್ಟು ಉದ್ದ ಬರುತ್ತದೆ. ಒಳಗಡೆ ಮಿಲಿಮೀಟರ್ ಎತ್ತರದ, ಬೆರಳಿನಂಥ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಪ್ರತಿ ಎಳೆಯ ಮೇಲೂ ಹೊದ್ದಿರುವುದು ಜೀವಕೋಶಗಳ ಒಂದೇ ಒಂದು ಪದರ. ನಮ್ಮ ತಲೆಗೂದಲಿಗಿಂತ ತೆಳುವಾದ ಆ ಪದರದ ಈಚೆಗೆ ಜೋಳ, ಸೋಯಾ ಹಿಂಡಿ ಮತ್ತು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಆಚೆಗೆ ಹಕ್ಕಿಯ ರಕ್ತ. ಪದರದ ಜೀವಕೋಶಗಳಿಗೆ ಆಯುಸ್ಸೂ ಕಡಿಮೆ. ಮೂರು ನಾಲ್ಕು ದಿನಗಳಲ್ಲಿ ಎಲ್ಲವೂ ಸವೆದು ಉದುರಿ, ಬುಡದಿಂದ ಹೊಸವು ಹುಟ್ಟಿ ಮೇಲೇರುತ್ತವೆ. ನಲವತ್ತು ದಿನ ಬದುಕುವ ಹಕ್ಕಿ ತನ್ನ ಕರುಳಿನ ಗೋಡೆಯನ್ನು ಹತ್ತು ಸಲವಾದರೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕಟ್ಟುವ ಕೂಲಿ ಅದು ತಿನ್ನುವ ಆಹಾರದಿಂದಲೇ ಹೋಗಬೇಕು. ಗೋಡೆ ಹೆಚ್ಚು ಕೆಟ್ಟಷ್ಟೂ ರಿಪೇರಿಗೆ ಹೆಚ್ಚು ಫೀಡ್, ಮೈಗೆ ಕಡಿಮೆ. ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗ ಫೀಡಿನದೇ ಆಗಿರುವಾಗ, ರೈತನ ಲಾಭ ನಷ್ಟ ನಿರ್ಧಾರವಾಗುವುದು ಮಾರುಕಟ್ಟೆಯಲ್ಲಿ ಎಷ್ಟೋ ಈ ಗೋಡೆಯ ಮೇಲೂ ಅಷ್ಟೇ.

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಶೆಡ್‌ಗಳಲ್ಲಿ ಮರಿ ಇಳಿಸಿದ ರಾತ್ರಿ ಅನುಭವಸ್ಥರು ಮಾಡುವ ಒಂದು ಕೆಲಸವಿದೆ. ಬ್ರೂಡರ್ ಬೆಳಕಿನಡಿ ಮರಿಗಳನ್ನು ಒಂದೊಂದಾಗಿ ಎತ್ತಿ, ಕತ್ತಿನ ಬುಡದ ಚೀಲವನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ ನೋಡುತ್ತಾರೆ. ಗಟ್ಟಿ ಗಂಟು ಸಿಕ್ಕರೆ ಫೀಡ್ ತಿಂದಿದೆ, ನೀರು ಕುಡಿದಿಲ್ಲ. ಬರೀ ನೀರಿನ ಗುಳ್ಳೆಯಂತಿದ್ದರೆ ಫೀಡ್ ಸಿಕ್ಕಿಲ್ಲ. ಮೆತ್ತಗಿನ ಗಂಜಿಯಂತೆ ಬೆರಳಿಗೆ ಹತ್ತಿದರೆ ಎರಡೂ ಸರಿಯಾಗಿ ಹೋಗಿದೆ. 24 ಗಂಟೆಯೊಳಗೆ ನೂರರಲ್ಲಿ 95 ಮರಿಗಳ ಚೀಲ ಹೀಗೆ ತುಂಬಿರಬೇಕು ಎಂಬುದು ಸಾಕಣೆಯವರ ಲೆಕ್ಕ. ಇಷ್ಟು ಆತುರ ಯಾಕೆಂದರೆ, ಮೊದಲ ವಾರದಲ್ಲಿ ಮರಿಯ ಕರುಳು ಉಳಿದ ಮೈಗಿಂತ ಎಷ್ಟೋ ವೇಗವಾಗಿ ಬೆಳೆಯುತ್ತದೆ. ಆಹಾರ ಮುಟ್ಟದ ಕರುಳಿನಲ್ಲಿ ಆ ಎಳೆಗಳು ಗಿಡ್ಡಾಗಿಯೇ ಉಳಿಯುತ್ತವೆ. ಆ ವಾರ ಕೈತಪ್ಪಿದ್ದನ್ನು ಆರನೇ ವಾರದಲ್ಲಿ ಯಾವ ಟಾನಿಕ್ಕೂ ತುಂಬಿಕೊಡಲಾರದು.

ಅದೇ 24 ಗಂಟೆಯಲ್ಲಿ ಮರಿಯ ಒಳಗೆ ಇನ್ನೊಂದು ಜನಸಂಖ್ಯೆಯೂ ಏರುತ್ತಿರುತ್ತದೆ. ಹುಟ್ಟುವಾಗ ಬಹುಪಾಲು ಬರಿದಾಗಿದ್ದ ಕರುಳಿನಲ್ಲಿ ಒಂದೇ ದಿನಕ್ಕೆ, ಕುರುಡುಗರುಳಿನ (ಸೀಕಂ) ಪ್ರತಿ ಗ್ರಾಂಗೆ 1,000 ಕೋಟಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಮೂರನೇ ದಿನಕ್ಕೆ ಅದು 10,000 ಕೋಟಿ. ಭೂಮಿಯ ಮೇಲಿನ ಮನುಷ್ಯರೆಲ್ಲ ಸೇರಿ 820 ಕೋಟಿ ಎಂದರೆ, ಕಡಲೆಕಾಳಿನಷ್ಟು ಹಿಕ್ಕೆಯಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ಜೀವಿಗಳು. ನಾಟಿಕೋಳಿಯ ಮರಿ ತಾಯಿಯ ಹಿಂದೆ ಕೆದಕಿ ತಿರುಗುತ್ತ ತಾಯಿಯ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನೇ ಬಳುವಳಿಯಾಗಿ ಪಡೆಯುತ್ತದೆ. ಹ್ಯಾಚರಿಯ ಮರಿಗೆ ಆ ತಾಯಿಯಿಲ್ಲ. ಟ್ರೇ, ಲಾರಿ, ಭತ್ತದ ಹೊಟ್ಟಿನ ಹಾಸು, ನೀರಿನ ಪೈಪು, ಮೊದಲು ಏನು ಸಿಕ್ಕೀತೋ ಅದೇ ಅದರ ಪಾಲು. ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಫಿನ್ಲೆಂಡಿನ ನುರ್ಮಿ ಮತ್ತು ರಂತಲ 1973ರಲ್ಲೇ ತೋರಿಸಿದ್ದರು. ಬೆಳೆದ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊಸ ಮರಿಗಳಿಗೆ ಕುಡಿಸಿದಾಗ ಸಾಲ್ಮೊನೆಲ್ಲಾಕ್ಕೆ ಅಲ್ಲಿ ಕಾಲೂರಲು ಜಾಗ ಸಿಗಲಿಲ್ಲ.

ಅಲ್ಲಿ ಜಾಗಕ್ಕಾಗಿ ನಡೆಯುವ ಪೈಪೋಟಿಯೆಲ್ಲ ಗಡಿಯಾರದ ಮುಳ್ಳಿನ ಮೇಲೆ ನಿಂತಿದೆ. ಕೋಳಿಯ ಮೈ ಬಿಸಿ 41-42 ಡಿಗ್ರಿ. ಅನುಕೂಲ ಸಿಕ್ಕರೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕರುಳನ್ನು ಕೊಳೆಸುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಬರೀ 10 ನಿಮಿಷಕ್ಕೆ ಎರಡಾಗಬಲ್ಲದು. ಜೀವಲೋಕದಲ್ಲೇ ಅತಿ ವೇಗವಾಗಿ ಬೆಳೆಯುವವುಗಳಲ್ಲಿ ಇದೂ ಒಂದು. ತಿಂದ ಆಹಾರ ಸಣ್ಣ ಕರುಳನ್ನು ದಾಟಲು ಮೂರು ಗಂಟೆ ಬೇಕೆಂದು ಇಟ್ಟುಕೊಳ್ಳಿ. ಅಷ್ಟರಲ್ಲಿ ಒಂದು ಇ. ಕೊಲೈ 512 ಆಗಬಹುದು. ಒಂದು ಕ್ಲಾಸ್ಟ್ರಿಡಿಯಂ 2,62,144 ಆಗಬಹುದು. ಕಾಗದದ ಮೇಲಿನ ಗುಣಾಕಾರ ಇದು. ನಿಜವಾದ ಕರುಳಿನಲ್ಲಿ ಆಹಾರದ ಕೊರತೆ, ಜಾಗದ ಕೊರತೆ, ಪಿತ್ತರಸ, ನೆರೆಯವರ ಕಾಟ ಎಲ್ಲ ಸೇರಿ ಅಷ್ಟಕ್ಕೆ ಬಿಡುವುದಿಲ್ಲ.

ಆದರೆ ಇದೇ ಗುಣಾಕಾರವನ್ನು ಇನ್ನೊಂದು ದಿಕ್ಕಿನಿಂದ ಮಾಡಿ ನೋಡಿದಾಗ ನನಗೆ ನಿಜಕ್ಕೂ ಬೆರಗಾಯಿತು. ಆ ಕ್ಲಾಸ್ಟ್ರಿಡಿಯಂ ಅನ್ನು ಕೊಲ್ಲುವುದು ಬೇಡ. ಅದರ 10 ನಿಮಿಷವನ್ನು 15 ನಿಮಿಷ ಮಾಡಿದರೆ ಸಾಕು. ಮೂರು ಗಂಟೆಯಲ್ಲಿ 18 ಸಲ ದುಪ್ಪಟ್ಟಾಗುವ ಬದಲು 12 ಸಲ ಆಗುತ್ತದೆ. 2,62,144 ಇದ್ದ ಕಡೆ 4,096, ಅಂದರೆ 64ರಲ್ಲಿ ಒಂದು ಪಾಲು. ಐದು ನಿಮಿಷದ ತಡೆ, 64 ಪಟ್ಟು ವ್ಯತ್ಯಾಸ. ಸಾವಯವ ಆಮ್ಲ, ಸುಗಂಧ ತೈಲ ಎಂದು ಫೀಡಿನ ಚೀಲದ ಮೇಲೆ ಬರೆದಿರುವ ವಸ್ತುಗಳು ಕರುಳಿನಲ್ಲಿ ಮುಖ್ಯವಾಗಿ ಮಾಡುವ ಕೆಲಸ ಇದೇ. ಅವು ವೈರಿಯ ಕಾಲಿಗೆ ಅಡ್ಡ ಬರುತ್ತವೆ, ಅಷ್ಟರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಮುಂದೆ ಹೋಗುತ್ತವೆ.

ಈ ಕೆಲಸವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ್ಯಂಟಿಬಯೋಟಿಕ್‌ಗಳು ಮಾಡುತ್ತಿದ್ದವು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಕೋಳಿಮರಿಗಳಿಗೆ ಅಗ್ಗದ ಬಿ-12 ವಿಟಮಿನ್ ಹುಡುಕುತ್ತಿದ್ದರು. ಆರಿಯೊಮೈಸಿನ್ ಎಂಬ ಆ್ಯಂಟಿಬಯೋಟಿಕ್ಕಿನ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಹಾಕಿ, 1948ರ ಕ್ರಿಸ್‌ಮಸ್ ದಿನ ಮರಿಗಳನ್ನು ತೂಗಿದರೆ ವಿಟಮಿನ್‌ನಿಂದ ನಿರೀಕ್ಷಿಸಿದ್ದಕ್ಕಿಂತ ತೂಕ ಹೆಚ್ಚಿತ್ತು. ಗಸಿಯಲ್ಲಿ ಉಳಿದಿದ್ದ ಔಷಧದ ಪ್ರಭಾವ ಅದು. ಅಲ್ಲಿಂದ ಮುಂದೆ ಫೀಡಿನಲ್ಲಿ ಚಿಟಿಕೆ ಚಿಟಿಕೆ ಆ್ಯಂಟಿಬಯೋಟಿಕ್ ಬೆರೆಸುವುದು ಲೋಕದ ರೂಢಿಯೇ ಆಯಿತು. ಜಗತ್ತಿನಲ್ಲಿ ಮಾರಾಟವಾಗುವ ಸೂಕ್ಷ್ಮಾಣುನಾಶಕ ಔಷಧಗಳಲ್ಲಿ ನೂರಕ್ಕೆ 73 ಪಾಲು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಹೋಗುತ್ತಿದೆ ಎಂದು 2019ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಅದೇ 2019ರಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತ ಮನುಷ್ಯರು ಜಗತ್ತಿನಲ್ಲಿ ಸುಮಾರು 12.7 ಲಕ್ಷ. ಆಸ್ಪತ್ರೆಯಲ್ಲಿ ಸೋಂಕು ತಗುಲಿ ಮಲಗಿದ ಹಸುಗೂಸಿಗೆ ಕೊನೆಯ ಆಸರೆಯಾಗಿ ಉಳಿಯಬೇಕಾದ ಕೊಲಿಸ್ಟಿನ್‌ನಂಥ ಔಷಧವನ್ನು ಕೋಳಿ ನೂರು ಗ್ರಾಂ ಹೆಚ್ಚು ತೂಗಲಿ ಎಂದು ಸುರಿಯುವುದು ಯಾವ ಲೆಕ್ಕದಲ್ಲೂ ಒಪ್ಪತಕ್ಕದ್ದಲ್ಲ. ಭಾರತ ಸರ್ಕಾರ 2019ರ ಜುಲೈನಲ್ಲಿ ಸಾಕುಪ್ರಾಣಿಗಳ ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿದ್ದು ತಡವಾಗಿಯಾದರೂ ಸರಿಯಾದ ಹೆಜ್ಜೆ.

ಫೀಡಿಗೆ ಆ್ಯಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿದರೆ ಕೋಳಿ ಉದ್ಯಮವೇ ಮುಳುಗುತ್ತದೆ ಎಂಬ ಭಯ ಎಲ್ಲ ಕಡೆಯೂ ಇತ್ತು. ಸ್ವೀಡನ್ 1986ರಲ್ಲಿ ನಿಲ್ಲಿಸಿತು. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆಗಾರರು 1998ರಲ್ಲಿ ತಾವಾಗಿಯೇ ನಿಲ್ಲಿಸಿದರು. ಆಮೇಲೆ ಲೆಕ್ಕ ಹಾಕಿದಾಗ ಒಂದು ಕೆಜಿ ಕೋಳಿ ಬೆಳೆಸಲು ಹೆಚ್ಚಿಗೆ ತಗುಲಿದ ಫೀಡ್ 16 ಗ್ರಾಂ. ಸಾಯುವ ಕೋಳಿಗಳ ಪ್ರಮಾಣ ಹೆಚ್ಚಲಿಲ್ಲ. ಕೋಳಿಯ ಕರುಳಿಗೆ ಬರುವ ರಕ್ತಭೇದಿ ಕಾಯಿಲೆ ತಡೆಯುವ ಔಷಧ ಅಲ್ಲಿ ಮುಂದುವರಿದಿತ್ತು ಎಂಬುದನ್ನೂ ಹೇಳಬೇಕು, ಅದರ ನೆರವು ಸಣ್ಣದಲ್ಲ. ಇನ್ನೊಂದು ಕಡೆ, ಅವೊಪಾರ್ಸಿನ್ ಎಂಬ ಒಂದು ಆ್ಯಂಟಿಬಯೋಟಿಕ್ಕನ್ನು ಡೆನ್ಮಾರ್ಕ್ 1995ರಲ್ಲೇ ನಿಷೇಧಿಸಿತ್ತು. ಆಗ ಬ್ರಾಯ್ಲರ್‌ಗಳಿಂದ ತೆಗೆದ ಎಂಟರೊಕಾಕಸ್ ಫೀಸಿಯಂ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಸುಮಾರು 73 ಆ ಔಷಧಕ್ಕೆ ಬಗ್ಗುತ್ತಿರಲಿಲ್ಲ. 2000ನೇ ಇಸವಿಗೆ ಅದು ನೂರಕ್ಕೆ 6ಕ್ಕೆ ಇಳಿಯಿತು. ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಹಾಕುವುದನ್ನು ಪೂರ್ತಿ ನಿಲ್ಲಿಸಿತು. ಆ 16 ಗ್ರಾಂ ಫೀಡನ್ನು ಬೇರೆ ದಾರಿಯಿಂದ ಉಳಿಸಿಕೊಳ್ಳುವುದು ಹೇಗೆ ಎಂದು ಹುಡುಕುತ್ತ ಹೊರಟವರು ಹುಳಿ ಮತ್ತು ಘಾಟಿನ ಕಡೆಗೆ ಬಂದರು.

ಹುಳಿಯ ವಿಷಯದಲ್ಲಿ ಹೊಸದೇನೂ ಇಲ್ಲ ಎನ್ನಿಸಬಹುದು. ಫಾರ್ಮಿಕ್ ಆ್ಯಸಿಡ್ ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ಬೆಳೆಗಾರರಿಗೆ ದಿನದ ಬಳಕೆಯದು, ರಬ್ಬರ್ ಹಾಲು ಹೆಪ್ಪುಗಟ್ಟಿಸುವುದೇ ಅದರಿಂದ. ಮಲೆನಾಡಿನ ಚಗಳಿ ಇರುವೆಯ ಚಟ್ನಿಯ ಹುಳಿಯೂ ಅದೇ ಆಮ್ಲ. ಬ್ರೆಡ್ ಪ್ಯಾಕೆಟ್ ಹಿಂಬದಿಯಲ್ಲಿ 282 ಎಂಬ ಸಂಖ್ಯೆ ಕಂಡರೆ ಅದು ಪ್ರೊಪಿಯಾನಿಕ್ ಆ್ಯಸಿಡ್ಡಿನ ಕ್ಯಾಲ್ಸಿಯಂ ಲವಣ. ಒದ್ದೆ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯದಂತೆ ಫೀಡ್ ಮಿಲ್ಲಿನವರು ಬೆರೆಸುವುದೂ ಅದನ್ನೇ. ಮಜ್ಜಿಗೆಯಲ್ಲಿ ಲ್ಯಾಕ್ಟಿಕ್, ನಿಂಬೆಯಲ್ಲಿ ಸಿಟ್ರಿಕ್. ಎಲ್ಲವೂ ನಮ್ಮ ಅಡುಗೆಮನೆಯ ನೆಂಟರೇ. ಆದರೆ ಈ ಪುಟ್ಟ ಅಣುಗಳು ಬ್ಯಾಕ್ಟೀರಿಯಾದ ಮನೆಯೊಳಗೆ ನುಗ್ಗುವ ರೀತಿ ಇದೆಯಲ್ಲ, ಅದು ಬರೀ ಹುಳಿಯ ಮಾತಲ್ಲ.

ಪಿಎಚ್ ಅಳತೆಯಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಕೋಳಿಯ ಅರೆಯುವ ಹೊಟ್ಟೆಯಲ್ಲಿ ಪಿಎಚ್ 3, ಸಣ್ಣ ಕರುಳಿನ ಕೊನೆಯಲ್ಲಿ 7 ಎಂದರೆ, ಅಂಗೈಯಗಲದ ಹೊಟ್ಟೆಯೊಳಗೆ ಆಮ್ಲತೆ 10,000 ಪಟ್ಟು ಬದಲಾಗುತ್ತದೆ. ಫಾರ್ಮಿಕ್ ಆಮ್ಲದ ಅಣು ಪಿಎಚ್ 3ರಲ್ಲಿ ಬಹುಪಾಲು ಇಡಿಯಾಗಿರುತ್ತದೆ, ನೂರರಲ್ಲಿ 85. ಇಡೀ ಅಣುವಿಗೆ ವಿದ್ಯುತ್ ಅಂಶವಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯನ್ನು ಅದು ಯಾರ ಅಪ್ಪಣೆಯೂ ಇಲ್ಲದೆ ದಾಟಿ ಒಳಗೆ ಹೋಗುತ್ತದೆ. ಒಳಗೆ ಪಿಎಚ್ 7ರ ಆಸುಪಾಸು. ಅಲ್ಲಿ ಇಡಿಯಾಗಿ ಉಳಿಯಬಲ್ಲದ್ದು 1,780 ಅಣುಗಳಲ್ಲಿ ಒಂದು ಮಾತ್ರ. ಉಳಿದವೆಲ್ಲ ಒಳಗೆ ಕಾಲಿಟ್ಟ ಕೂಡಲೇ ಒಡೆದು ಒಂದೊಂದು ಪ್ರೋಟಾನ್ ಬಿಡುತ್ತವೆ. ಒಡೆದ ಚೂರಿಗೆ ವಿದ್ಯುತ್ ಅಂಶ ಬಂದಿರುವುದರಿಂದ ಅದು ಬಂದ ದಾರಿಯಲ್ಲಿ ಹಿಂದಿರುಗಲಾರದು. ಹೀಗೆ ಒಳಗೆ ಹುಳಿ ಏರುತ್ತದೆ, ಚೂರುಗಳು ರಾಶಿ ಬೀಳುತ್ತವೆ. ಪ್ರೋಟಾನ್‌ಗಳನ್ನು ಹೊರಗೆ ತಳ್ಳಲು ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನೆಲ್ಲ ಸುರಿಯಬೇಕು. ಆ ಶಕ್ತಿ ಎರಡಾಗುವ ಕೆಲಸಕ್ಕೆ ಮೀಸಲಾಗಿದ್ದದ್ದು. ಹತ್ತು ನಿಮಿಷ ಹದಿನೈದಾಗುವ ಗುಟ್ಟು ಇಲ್ಲಿದೆ. ಇತ್ತ ಲ್ಯಾಕ್ಟೊಬ್ಯಾಸಿಲಸ್‌ನಂಥ ಒಳ್ಳೆಯ ಬ್ಯಾಕ್ಟೀರಿಯಾಗಳು ತಾವೇ ಹುಳಿ ತಯಾರಿಸುವವು. ತಮ್ಮ ಒಳಗಿನ ಪಿಎಚ್ ಇಳಿದರೂ ತಾಳಿಕೊಳ್ಳುವ ಅಭ್ಯಾಸ ಅವಕ್ಕಿರುವುದರಿಂದ ಪೆಟ್ಟು ಕಡಿಮೆ. ಹೊಸ ಮರಿಯ ಹೊಟ್ಟೆ ಮೊದಲ ದಿನಗಳಲ್ಲಿ ಸಾಕಷ್ಟು ಆಮ್ಲ ಸುರಿಸಲಾರದು. ಹೊರಗಿನಿಂದ ಕೊಟ್ಟ ಹುಳಿಗೆ ಆಗ ಬೆಲೆ ಹೆಚ್ಚು.

ಬ್ಯುಟಿರಿಕ್ ಆಮ್ಲದ್ದು ಇನ್ನೊಂದೇ ದಾರಿ. ಹಳಸಿದ ಬೆಣ್ಣೆಯ ವಾಸನೆ ಅದರದ್ದು. ಗೋದಾಮಿನಲ್ಲಿ ಒಂದು ಚೀಲ ಒಡೆದರೆ ಬಟ್ಟೆಗೆ ಹತ್ತಿದ ನಾತ ಮನೆಯವರೆಗೂ ಬರುತ್ತದೆ. ಆದರೆ ಕರುಳಿನ ಗೋಡೆಯ ಜೀವಕೋಶಗಳಿಗೆ ಅದು ನೇರ ಊಟ. ಕುರುಡುಗರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಅದನ್ನು ತಾವೇ ತಯಾರಿಸಿ ಗೋಡೆಗೆ ಒದಗಿಸುತ್ತವೆ. ಮೂರು ಬ್ಯುಟಿರಿಕ್ ಅಣುಗಳನ್ನು ಒಂದು ಗ್ಲಿಸರಾಲ್‌ಗೆ ಕಟ್ಟಿ ಕೊಟ್ಟರೆ, ಆ ಕಟ್ಟನ್ನು ಕರುಳಿನಲ್ಲಿ ಕೊಬ್ಬು ಒಡೆಯುವ ಕಿಣ್ವವೇ ಬಿಚ್ಚುತ್ತದೆ. ಬೇಕಾದ ಜಾಗದಲ್ಲಿ ಬೇಕಾದ ಪದಾರ್ಥ ಇಳಿಯುತ್ತದೆ. ಈ ಉಪಾಯ ಕಂಡುಕೊಂಡವರನ್ನು ಮೆಚ್ಚದೆ ಇರಲಾಗುವುದಿಲ್ಲ.

ಇನ್ನು ಘಾಟು. ಫೀಡಿಗೆ ಹಾಕುವ ಸುಗಂಧ ತೈಲಗಳಲ್ಲಿ ಮುಂದಿರುವವು ಥೈಮಾಲ್, ಕಾರ್ವಕ್ರಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಲವಂಗದ ಯೂಜೆನಾಲ್. ಯುರೋಪಿನವರಿಗೆ ಇವು ಓರೆಗಾನೊ, ಥೈಮ್ ಸೊಪ್ಪಿನಿಂದ ಪರಿಚಯವಾದವು. ನಮಗೆ ಥೈಮಾಲ್ ಎಂದರೆ ಓಮ. ಬಾಣಂತಿಗೆ, ಹೊಟ್ಟೆ ಉಬ್ಬರಿಸಿದ ಮಗುವಿಗೆ ಕೊಡುವ ಓಮದ ನೀರಿನ ಘಾಟು ಅದೇ. ತಂಬುಳಿಗೆ ಕಿತ್ತ ದೊಡ್ಡಪತ್ರೆಯನ್ನು ಬೆರಳಲ್ಲಿ ಹೊಸಕಿದಾಗ ಮೂಗಿಗೆ ಹೊಡೆಯುವುದರಲ್ಲಿ ಕಾರ್ವಕ್ರಾಲ್ ಮುಖ್ಯ. ಎರಡೂ ಅಣುಗಳಲ್ಲಿ 10 ಇಂಗಾಲ, 14 ಜಲಜನಕ, ಒಂದು ಆಮ್ಲಜನಕ. ಒಟ್ಟು 25 ಪರಮಾಣು. ವ್ಯತ್ಯಾಸವೆಂದರೆ ಆಮ್ಲಜನಕ ಕೂತ ಜಾಗ ಮಾತ್ರ. ನೀರನ್ನು ಒಲ್ಲದ, ಕೊಬ್ಬನ್ನು ಹುಡುಕಿ ಹೋಗುವ ಈ ಅಣುಗಳು ಬ್ಯಾಕ್ಟೀರಿಯಾದ ಪೊರೆಯಲ್ಲಿ ಸೇರಿಕೊಂಡು ಅದನ್ನು ಸಡಿಲ ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ ಸೋರತೊಡಗುತ್ತದೆ.

ಪ್ರಮಾಣ ನೋಡಿದರೆ ಇಷ್ಟರಿಂದ ಏನಾದೀತು ಎಂಬ ಅನುಮಾನ ಬರುವುದು ಸಹಜ. ಆಮ್ಲಗಳಾದರೆ ಒಂದು ಟನ್ ಫೀಡಿಗೆ ಎರಡರಿಂದ ಐದು ಕೆಜಿ. ಸುಗಂಧ ತೈಲದ ಸಾರ ಬರೀ 50ರಿಂದ 200 ಗ್ರಾಂ. 100 ಗ್ರಾಂ ಎಂದು ಹಿಡಿದರೆ 50 ಕೆಜಿ ಚೀಲಕ್ಕೆ 5 ಗ್ರಾಂ, ಒಂದು ಟೀ ಚಮಚ. ಮೂರನೇ ವಾರದ ಕೋಳಿ ದಿನಕ್ಕೆ 100 ಗ್ರಾಂ ಫೀಡ್ ತಿಂದರೆ ಅದರ ಹೊಟ್ಟೆಗೆ ಹೋಗುವ ಥೈಮಾಲ್ 10 ಮಿಲಿಗ್ರಾಂ. ಈಗ ಅಣುಗಳನ್ನು ಎಣಿಸೋಣ. 10 ಮಿಲಿಗ್ರಾಂ ಥೈಮಾಲ್‌ನಲ್ಲಿರುವ ಅಣುಗಳು ನಾಲ್ಕು ಲಕ್ಷ ಕೋಟಿ ಕೋಟಿ. ನಾಲ್ಕರ ಮುಂದೆ 19 ಸೊನ್ನೆ. ಕೋಳಿಯ ಕರುಳಿನ ಬ್ಯಾಕ್ಟೀರಿಯಾ ಒಟ್ಟು ಒಂದು ಲಕ್ಷ ಕೋಟಿ ಎಂದು ಇಟ್ಟುಕೊಂಡರೆ, ತಲೆಗೆ ನಾಲ್ಕು ಕೋಟಿ ಅಣು ಬರುತ್ತದೆ. ಟೀ ಚಮಚವನ್ನು ಕಡಿಮೆ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಆ ನಾಲ್ಕು ಕೋಟಿ ಹಂಚಿಕೆ ಕಾಗದದ ಮೇಲೆ ಮಾತ್ರ ಸರಿಹೊಂದುತ್ತದೆ, ಏಕೆಂದರೆ ಬರಿಯ ಥೈಮಾಲ್ ಕೊಟ್ಟರೆ ಬಹುಪಾಲು ಮೇಲಿನ ಕರುಳಿನಲ್ಲೇ ರಕ್ತಕ್ಕೆ ಹೀರಿಹೋಗುತ್ತದೆ. ಕೆಳಗೆ ಕ್ಲಾಸ್ಟ್ರಿಡಿಯಂ ಕಾಯುತ್ತಿರುವ ಜಾಗಕ್ಕೆ ತಲುಪುವುದು ಚೂರುಪಾರು. ಅದಕ್ಕೂ ಮೊದಲು, ಪೆಲೆಟ್ ಮಾಡುವ ಯಂತ್ರದ 80 ಡಿಗ್ರಿ ಹಬೆಗೆ ಒಂದಿಷ್ಟು ಹಾರಿಹೋಗಿರುತ್ತದೆ. ಆಮ್ಲಗಳಿಗೂ ಇದೇ ಪಾಡು. ಅದಕ್ಕೇ ಗಟ್ಟಿ ಮಾಡಿದ ಸಸ್ಯಜನ್ಯ ಕೊಬ್ಬಿನಲ್ಲಿ ಹುದುಗಿಸಿ, ರವೆಯಂಥ ಸಣ್ಣ ಕಾಳು ಮಾಡಿ ಮಾರುತ್ತಾರೆ. ಕೊಬ್ಬು ಕರಗುತ್ತ ಹೋದಂತೆ ಸರಕು ಕರುಳಿನುದ್ದಕ್ಕೂ ಇಳಿಯುತ್ತದೆ. ಒಂದೇ ಕಾಳಿನಲ್ಲಿ ಆಮ್ಲವನ್ನೂ ಎಣ್ಣೆಯನ್ನೂ ಸೇರಿಸುವುದಕ್ಕೆ ಕಾರಣವಿದೆ. ಎಣ್ಣೆ ಪೊರೆಯನ್ನು ಸಡಿಲಿಸಿದರೆ ಆಮ್ಲಕ್ಕೆ ಒಳಹೋಗುವುದು ಸುಲಭ. ಕರುಳಿನ ಕೆಳಭಾಗದ ಪಿಎಚ್‌ನಲ್ಲಿ ಬ್ಯುಟಿರಿಕ್ ಆಮ್ಲದ 150 ಅಣುಗಳಲ್ಲಿ ಒಂದು ಮಾತ್ರ ಇಡಿಯಾಗಿರುವಾಗ, ಆ ನೆರವು ದೊಡ್ಡದು.

10,000 ಕೋಳಿಗಳ ಒಂದು ಬ್ಯಾಚಿಗೆ ಇಳಿದು ನೋಡೋಣ. ಎರಡು ಕೆಜಿ ಕೋಳಿಗೆ 3.2 ಕೆಜಿ ಫೀಡ್ ಎಂದರೆ ಒಟ್ಟು 32 ಟನ್, 640 ಚೀಲ. ಅದರಲ್ಲಿ ಸುಗಂಧ ತೈಲದ ಸಾರ 3.2 ಕೆಜಿ ಮಾತ್ರ. ಕರುಳು ಚೆನ್ನಾಗಿದ್ದು, ಒಂದು ಕೆಜಿ ಬೆಳೆಯಲು ಎಷ್ಟು ಕೆಜಿ ಫೀಡ್ ಬೇಕೆಂಬ ಲೆಕ್ಕವಾದ ಎಫ್‌ಸಿಆರ್ 0.03ರಷ್ಟು ಇಳಿದರೆ ಕೋಳಿಗೆ ಉಳಿಯುವ ಫೀಡ್ 60 ಗ್ರಾಂ, ಬ್ಯಾಚಿಗೆ 600 ಕೆಜಿ, ಅಂದರೆ 12 ಚೀಲ. ಇದೇ 60 ಗ್ರಾಂ ಅನ್ನು 7,000 ಕೋಟಿ ಕೋಳಿಗಳಿಗೆ ಗುಣಿಸಿದರೆ 42 ಲಕ್ಷ ಟನ್ ಧಾನ್ಯ, ಹಿಂಡಿ. ಪ್ರತಿ ಬ್ಯಾಚಿಗೂ 12 ಚೀಲ ಉಳಿದೇ ಉಳಿಯುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ತೊಳೆದು ಒರೆಸಿದ ಪ್ರಯೋಗದ ಶೆಡ್ಡಿನಲ್ಲಿ ಇವುಗಳ ಪ್ರಭಾವ ಕಾಣಿಸದೆಯೂ ಹೋಗಬಹುದು, ಅಲ್ಲಿ ತಡೆಯಬೇಕಾದ ವೈರಿಯೇ ಕಡಿಮೆ. ಹಾಸು ಒದ್ದೆಯಾದ, ಬ್ಯಾಚಿನ ಮೇಲೆ ಬ್ಯಾಚು ಹಾಕಿದ ಶೆಡ್ಡಿನಲ್ಲಿ ಪ್ರಭಾವ ಚೆನ್ನಾಗಿ ಕಾಣುತ್ತದೆ. ಇದನ್ನು ಕೇಳಿ ಹಾಸು ಒದ್ದೆಯಾದರೂ ಪರವಾಗಿಲ್ಲ, ಪುಡಿ ಹಾಕಿದ್ದೇನಲ್ಲ ಎಂದುಕೊಂಡವರು ಕೆಡುತ್ತಾರೆ.

ಯಾಕೆಂದರೆ ಕ್ಲಾಸ್ಟ್ರಿಡಿಯಂಗೆ ಬಾಗಿಲು ತೆರೆದುಕೊಡುವುದು ಸಾಮಾನ್ಯವಾಗಿ ಇನ್ನೊಂದು ಜೀವಿ, ಐಮೀರಿಯಾ. ರೈತರು ರಕ್ತಭೇದಿ ಎನ್ನುವ ಕಾಯಿಲೆಗೆ ಇದು ಕಾರಣ. ಕೋಳಿಗೆ ಅಂಟುವ ಐಮೀರಿಯಾಗಳಲ್ಲಿ ಏಳು ಪ್ರಭೇದಗಳು ಹಿಂದಿನಿಂದಲೂ ಗೊತ್ತು. ಕುರುಡುಗರುಳನ್ನು ಹಿಡಿಯುವ ಐಮೀರಿಯಾ ಟೆನೆಲ್ಲಾದ ಒಂದು ತತ್ತಿಯೊಳಗೆ 8 ಮರಿಜೀವಿಗಳು. ಒಂದೊಂದೂ ಕರುಳಿನ ಜೀವಕೋಶದೊಳಗೆ ಹೊಕ್ಕು ಸುಮಾರು 900 ಆಗಿ ಸಿಡಿಯುತ್ತದೆ. ಅವು ಒಂದೊಂದೂ ಮತ್ತೆ 200-350. ಕಡಿಮೆ ಹಿಡಿದರೂ 14 ಲಕ್ಷ, ಒಂದೇ ತತ್ತಿಯಿಂದ, ಒಂದೇ ವಾರದಲ್ಲಿ. ಪ್ರತಿ ಸಿಡಿತಕ್ಕೂ ಆ ಒಂದೇ ಪದರದ ಗೋಡೆಯಲ್ಲಿ ಒಂದು ತೂತು. ಹಾಗೆ ಒಸರಿದ ರಕ್ತಸಾರ ಕ್ಲಾಸ್ಟ್ರಿಡಿಯಂಗೆ ಹಬ್ಬದೂಟ. ರಕ್ತಭೇದಿಯೊಂದರಿಂದಲೇ ಜಗತ್ತಿನ ಕೋಳಿ ಸಾಕಣೆಗೆ 2016ರ ಬೆಲೆಯಲ್ಲಿ ವರ್ಷಕ್ಕೆ 1,040 ಕೋಟಿ ಪೌಂಡ್ ನಷ್ಟ ಎಂದು ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹುಳಿಯಾಗಲಿ ಘಾಟಾಗಲಿ ಈ ಜೀವಿಗೆ ಔಷಧವಲ್ಲ. ಅದಕ್ಕೆ ಲಸಿಕೆ, ತಡೆ ಔಷಧ ಮತ್ತು ಒಣ ಹಾಸು ಬೇಕು. ಹಾಸನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಒತ್ತಿ ಬಿಟ್ಟಾಗ ಅದು ಬಿಡಿಬಿಡಿಯಾಗಿ ಉದುರಬೇಕು. ಉಂಡೆಯಾಗಿ ನಿಂತರೆ ತತ್ತಿಗಳು ಬಲಿಯಲು ಬೇಕಾದ ತೇವ ಅಲ್ಲಿದೆ ಎಂದರ್ಥ.

ಮೊಟ್ಟೆ ಕೋಳಿಗಳ ಲೆಕ್ಕ ಸ್ವಲ್ಪ ಬೇರೆ. ಚಿಪ್ಪಿಗಾಗಿ ಅವುಗಳ ಫೀಡಿನ ಪ್ರತಿ ಕೆಜಿಗೆ 90-100 ಗ್ರಾಂ ಸುಣ್ಣದ ಕಲ್ಲು, ಶೆಲ್ ಗ್ರಿಟ್ ಇರುತ್ತದೆ. ಸುಣ್ಣ ಹುಳಿಯನ್ನು ನುಂಗುತ್ತದೆ. ಬ್ರಾಯ್ಲರಿಗೆ ಸಾಕಾದ ಬರಿಯ ಆಮ್ಲ ಅಲ್ಲಿ ಹೊಟ್ಟೆ ಮುಟ್ಟುವ ಮೊದಲೇ ಖರ್ಚಾಗಿರುತ್ತದೆ.

ಇದೇ ಸುಣ್ಣದ ಕಾಟ ನೀರಿನಲ್ಲೂ ಇದೆ, ನಮ್ಮ ಬಯಲುಸೀಮೆಯಲ್ಲಿ ವಿಶೇಷವಾಗಿ. ಕೋಳಿ ತಿನ್ನುವ ಫೀಡಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ. 10,000ದ ಬ್ಯಾಚಿಗೆ 60,000 ಲೀಟರಿಗೂ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್‌ಗಳಿಂದ ಬರುವುದು ಗಡಸು ನೀರು. ನಿಪ್ಪಲ್ ಪೈಪಿನೊಳಗೆ ಬಿಳಿ ಕರೆ ಕಟ್ಟುತ್ತದೆ, ಅದರ ಮೇಲೆ ಲೋಳೆ ಬೆಳೆಯುತ್ತದೆ. ಲೋಳೆಯೊಳಗೆ ಕೂತ ಬ್ಯಾಕ್ಟೀರಿಯಾ ಬ್ಯಾಚು ಹೋದರೂ ಉಳಿದು ಮುಂದಿನ ಮರಿಗಳಿಗೆ ಕಾಯುತ್ತದೆ. ನೀರಿಗೆ ಹಾಕುವ ಆಮ್ಲದ ದ್ರಾವಣ, ಅಂದರೆ ಅಸಿಡಿಫೈಯರ್, ಕರೆ ಬಿಡಿಸಿ, ಕ್ಲೋರಿನ್‌ಗೂ ಬಲ ಕೊಡುತ್ತದೆ. ಆದರೆ ಡಬ್ಬಿಯ ಮೇಲಿನ ‘ಸಾವಿರ ಲೀಟರಿಗೆ ಇಷ್ಟು ಮಿಲಿ’ ಎಂಬ ಒಂದೇ ಅಳತೆ ಎಲ್ಲ ಊರಿನ ನೀರಿಗೂ ಹೊಂದುವುದಿಲ್ಲ. ಗಡಸು ನೀರು ಸುಲಭಕ್ಕೆ ಬಗ್ಗದು. ಅದಕ್ಕೆ ಮೆದು ನೀರಿನ ಎರಡರಷ್ಟು ಬೇಕಾದೀತು. ಮೆದು ನೀರಿಗೆ ಅಷ್ಟು ಸುರಿದರೆ ಹುಳಿ ಹೆಚ್ಚಾಗಿ ಕೋಳಿ ನೀರನ್ನೇ ಬಿಡುತ್ತದೆ. ನೀರು ಬಿಟ್ಟ ಕೋಳಿ ಫೀಡನ್ನೂ ಬಿಡುತ್ತದೆ.

ಇದಕ್ಕೆ ಪ್ರಯೋಗಾಲಯ ಬೇಡ. ಹತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ನಿಮ್ಮದೇ ಬೋರ್‌ವೆಲ್ ನೀರು ತುಂಬಿ, ಸಿರಿಂಜಿನಲ್ಲಿ ಒಂದೊಂದು ಮಿಲಿ ಅಸಿಡಿಫೈಯರ್ ಬಿಡುತ್ತ, ಕಲಕಿ, ಪಿಎಚ್ ಪಟ್ಟಿ ಅದ್ದಿ ನೋಡಿ. ಕೈಗೆ ಗ್ಲೌಸ್ ಇರಲಿ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್ಡಿಗೆ ನೀರು ಸುರಿಯಬಾರದು. ಮೊದಮೊದಲು ಪಟ್ಟಿಯ ಬಣ್ಣ ಕದಲುವುದೇ ಇಲ್ಲ, ಸುಣ್ಣ ನುಂಗುತ್ತಿರುತ್ತದೆ. ಆಮೇಲೆ ಒಂದು ಹಂತದಲ್ಲಿ ಥಟ್ಟನೆ ಇಳಿಯುತ್ತದೆ. ನಾಲ್ಕೂವರೆಯ ಆಸುಪಾಸಿಗೆ ಬಂದಾಗ ಎಷ್ಟು ಮಿಲಿ ಹೋಯಿತು ಎಂದು ಗುರುತು ಹಾಕಿಕೊಂಡು ನೂರರಿಂದ ಗುಣಿಸಿದರೆ ಸಾವಿರ ಲೀಟರಿನ ಟ್ಯಾಂಕಿನ ಅಳತೆ ಸಿಗುತ್ತದೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮತ್ತೆ ಅಳೆಯಬೇಕು, ಬೋರ್‌ವೆಲ್ ನೀರಿನ ಗುಣ ವರ್ಷವಿಡೀ ಒಂದೇ ಇರುವುದಿಲ್ಲ. ನೀರಿನಲ್ಲಿ ರಾಣಿಖೇತ್ ಕಾಯಿಲೆಯ ಲಸೋಟಾ ಲಸಿಕೆ ಕುಡಿಸುವ ದಿನ ಆ್ಯಸಿಡ್ಡೂ ಬೇಡ, ಕ್ಲೋರಿನ್ನೂ ಬೇಡ. ಹಿಂದಿನ ದಿನವೇ ನಿಲ್ಲಿಸಿ, ಲಸಿಕೆಯ ಮರುದಿನ ಮತ್ತೆ ಶುರುಮಾಡಿ.